ಹದಿಮೂರನೆಯ ಕೋಣೆಯ ಗುಟ್ಟು

ಪ್ರಶ್ನೆ: ಜಾಕ್ ಫುಟ್ರೆಲ್ ಅವರ ‘ದಿ ಪ್ರಾಬ್ಲಂ ಆಫ್ ಸೆಲ್ 13’ ಎಂಬ ಪತ್ತೇದಾರಿ ಕಥೆಯನ್ನು ಈಚೆಗೆ ಓದಿದೆ. ಬುದ್ಧಿಬಲವೊಂದರಿಂದಲೇ ಒಂದು ವಾರದೊಳಗೆ ಸೆರೆಮನೆಯಿಂದ ಪಾರಾಗುತ್ತೇನೆಂದು ಪಂದ್ಯ ಕಟ್ಟಿದ ಪ್ರೊಫೆಸರ್, ಕೊನೆಗೆ ಹೊರಗಿನವನೊಬ್ಬನ ನೆರವಿನಿಂದ ಪಾರಾಗುತ್ತಾನೆ. ಇದು ಓದುಗರಿಗೆ ಮಾಡಿದ ಮೋಸವಲ್ಲವೆ? ಲೇಖಕರ ಬಗೆಗೂ ತಿಳಿಸಿ.
— ಓದುಗರೊಬ್ಬರು, ಶಿರಸಿ

ಉತ್ತರ: ಗುಟ್ಟನ್ನು ಬಿಡಿಸದೆ ಇದಕ್ಕೆ ಉತ್ತರಿಸಲಾಗದು, ಆದ್ದರಿಂದ ಕಥೆಯನ್ನು ಇನ್ನೂ ಓದದವರು ಮೊದಲು ಅದನ್ನು ಓದಿಕೊಳ್ಳಬೇಕೆಂದು ಕೋರುತ್ತೇನೆ.

‘ಯೋಚಿಸುವ ಯಂತ್ರ’ವೆಂದೇ ಹೆಸರಾದ ಪ್ರೊಫೆಸರ್ ವ್ಯಾನ್ ಡ್ಯೂಸನ್ ಚಿಸಮ್ ಸೆರೆಮನೆಯೊಳಗೆ ಹೋಗುವಾಗ ಕೇಳಿಕೊಳ್ಳುವುದು ಮೂರನ್ನೇ: ಹಲ್ಲುಪುಡಿ, ಐದು ಡಾಲರಿನ ಒಂದು ಮತ್ತು ಹತ್ತು ಡಾಲರಿನ ಎರಡು ನೋಟುಗಳು, ಬೂಟುಗಳಿಗೆ ಪಾಲಿಷ್. ಈ ಕೋರಿಕೆ ಓದುಗರ ಕಣ್ಣೆದುರಿಗೇ ನಡೆಯುತ್ತದೆ. ಮುಂದೆ ಬೂಟಿನ ಪಾಲಿಷೇ ಶಾಯಿಯಾಗುತ್ತದೆ, ಲೇಸಿನ ತುದಿಯ ಲೋಹದ ಚೂರು ಲೇಖನಿಯಾಗುತ್ತದೆ, ಬಿಚ್ಚಿದ ಕಾಲುಚೀಲದ ಎಳೆ ದಾರವಾಗುತ್ತದೆ, ನೋಟು ಪತ್ರ ತಲುಪಿಸುವವನಿಗೆ ಬಹುಮಾನವಾಗುತ್ತದೆ. ಕೋಣೆಯಲ್ಲಿ ಓಡಾಡುವ ಇಲಿಗಳು ಹೊಲದ ಇಲಿಗಳೆಂದು ಗುರುತಿಸಿದ ಪ್ರೊಫೆಸರ್, ಅವು ಒಳಗೆ ಬರಬೇಕಾದರೆ ಬಳಕೆ ತಪ್ಪಿದ ಹಳೆಯ ಚರಂಡಿ ಕೊಳವೆ ಒಣಗಿರಬೇಕು, ಅದರ ಇನ್ನೊಂದು ಬಾಯಿ ಸೆರೆಮನೆಯ ಗೋಡೆಯಾಚೆ ತೆರೆದಿರಬೇಕು ಎಂದು ತರ್ಕಿಸುವ ಭಾಗವೇ ಈ ಕಥೆಯ ಜೀವಾಳವೆಂದು ನಾನು ಭಾವಿಸುತ್ತೇನೆ. ಹೊರಗಿನ ನೆರವು ತಾನಾಗಿ ಒದಗಿಬಂದದ್ದಲ್ಲ. ಯೋಚನೆ ದಾರಿ ತೆರೆದ ಮೇಲೆಯೇ ಅದು ಬಂದದ್ದು. ಹೀಗಾಗಿ ಪಂದ್ಯದಲ್ಲಿ ಮೋಸವಿಲ್ಲ.

ಆದರೂ ನಿಮ್ಮ ದೂರಿನಲ್ಲಿ ಒಂದು ಪಾಲು ನ್ಯಾಯವಿದೆ. ಪ್ರೊಫೆಸರನ ಪತ್ರ ಪಡೆದು, ಕಂಬಿಗಳನ್ನು ಕರಗಿಸುವ ಆಮ್ಲವನ್ನು ಕೊಳವೆಯ ಮೂಲಕ ಸಾಗಿಸಿ, ಸರಿಯಾದ ಹೊತ್ತಿಗೆ ವಿದ್ಯುದ್ದೀಪ ಆರುವಂತೆ ಮಾಡುವ ಪತ್ರಕರ್ತ ಹಚಿನ್ಸನ್ ಹ್ಯಾಚ್ ಕಥೆಯೊಳಗೆ ಬರುವುದು ಕೊನೆಯ ಹಂತದಲ್ಲಿ. ಅಂಥ ಗೆಳೆಯನೊಬ್ಬನಿದ್ದಾನೆಂದು ಓದುಗರು ಮೊದಲೇ ಊಹಿಸಲು ಸಾಧ್ಯವಿಲ್ಲ. ‘ಬಾಸ್ಟನ್ ಅಮೆರಿಕನ್’ ಪತ್ರಿಕೆ 1905ರಲ್ಲಿ ಇದನ್ನು ಧಾರಾವಾಹಿಯಾಗಿ ಪ್ರಕಟಿಸುತ್ತ, ಗುಟ್ಟನ್ನು ಚೆನ್ನಾಗಿ ಬಿಡಿಸಿದ ಓದುಗರಿಗೆ 100 ಡಾಲರ್ ಬಹುಮಾನ ಸಾರಿತ್ತೆಂಬುದನ್ನು ನೆನೆದರೆ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಕೊಳವೆಯೇ ಇಲ್ಲದಿದ್ದರೆ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆ ಬಂದಾಗ, ಇನ್ನೂ ಎರಡು ದಾರಿಗಳಿದ್ದವು ಎಂದಷ್ಟೇ ಹೇಳಿ ಪ್ರೊಫೆಸರ್ ಸುಮ್ಮನಾಗುತ್ತಾನೆ. ಲೇಖಕರೂ ಅವನ್ನು ವಿವರಿಸುವುದಿಲ್ಲ.

ಫುಟ್ರೆಲ್ 1875ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಹುಟ್ಟಿದರು, ಪತ್ರಿಕಾವೃತ್ತಿಯಲ್ಲಿದ್ದುಕೊಂಡೇ ಕಥೆಗಾರರಾದರು. 1912ರ ಏಪ್ರಿಲ್‌ನಲ್ಲಿ ಪತ್ನಿಯೊಂದಿಗೆ ಟೈಟಾನಿಕ್ ಹಡಗಿನಲ್ಲಿ ಊರಿಗೆ ಮರಳುತ್ತಿದ್ದಾಗ, ಪತ್ನಿಯನ್ನು ರಕ್ಷಣಾ ದೋಣಿಗೆ ಹತ್ತಿಸಿ ತಾವು ಹಡಗಿನಲ್ಲೇ ಉಳಿದು ಮುಳುಗಿದರು. ಆಗ ಅವರಿಗೆ 37 ವರ್ಷ. ಸ್ವತಃ ಲೇಖಕಿಯಾಗಿದ್ದ ಪತ್ನಿ ಮೇ, ಅದೇ ವರ್ಷ ಹೊರಬಂದ ಗಂಡನ ಕಾದಂಬರಿಯನ್ನು ಟೈಟಾನಿಕ್‌ನ ವೀರರಿಗೆ ಅರ್ಪಿಸಿದರು.

ಈ ಪ್ರೊಫೆಸರನ ಕಥೆಗಳ ಸಂಗ್ರಹವೊಂದು 1907ರಲ್ಲಿ ಪ್ರಕಟವಾಗಿದೆ. ಅದರಲ್ಲಿನ ‘ದಿ ಸ್ಕಾರ್ಲೆಟ್ ಥ್ರೆಡ್’ ಕಥೆಯನ್ನು ಮುಂದೆ ಓದಿ. ರಾತ್ರಿ ಉರಿಯುತ್ತಿದ್ದ ಗ್ಯಾಸ್ ದೀಪ ತಾನಾಗಿಯೇ ಆರುವ ಆ ಪ್ರಕರಣವನ್ನು ಪ್ರೊಫೆಸರನ ಮುಂದೆ ತಂದಿಡುವವನು ಹ್ಯಾಚನೇ ಆದ್ದರಿಂದ, ಈ ದೂರಿಗೆ ಅಲ್ಲಿ ಎಡೆಯಿಲ್ಲ.