"ದಿನಾ ಮುಂಜಾನೆ ಸುಳ್ಳ ಬರೀತೀನ್ರೀ"

(ಹೆಸರು ಹೇಳುವುದಿಲ್ಲ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಬೆಟಗೇರಿಯ ಆ ಅಕ್ಕ ಮೊದಲ ಸಲ ಹುಬ್ಬಳ್ಳಿಗೆ ನನ್ನ ಹತ್ತಿರ ಆಪ್ತಸಲಹೆಗೆ ಬಂದಾಗ, ಕೂತವರೇ ಒಂದು ಮಾತು ಹೇಳಿದರು. "ನಾ ದಿನಾ ಮುಂಜಾನೆ ಸುಳ್ಳ ಬರೀತೀನ್ರೀ ಮೇಡಂ."

ವಯಸ್ಸು ಐವತ್ತಾರು. ಚರ್ಚಿನ ಸಭೆಯ ಹೆಣ್ಣುಮಕ್ಕಳ ಕೂಟಕ್ಕೆ ದಿನಾ ಬೆಳಗ್ಗೆ ಐದೂವರೆಗೆ ವಾಟ್ಸಾಪ್‌ನಲ್ಲಿ ಧ್ಯಾನ ಕಳಿಸುತ್ತಾರೆ. ಒಂದು ಬೈಬಲ್ ವಚನ, ನಾಲ್ಕು ಸಾಲು ಮಾತು, ಕೊನೆಗೆ ಒಂದು ಸ್ತೋತ್ರ. ಬೆಳಗಿನ ಬೈಬಲ್ ಓದು ಅವರ ಮನೆಗೆ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಬೆಟಗೇರಿಗೆ ಬಂದರು. ಇವರ ಮುತ್ತಜ್ಜನ ಕಾಲದಿಂದಲೂ ಓದು ಮುಗಿಯದೆ ಮನೆಯಲ್ಲಿ ಯಾರೂ ಚಹಾ ಮುಟ್ಟುವುದಿಲ್ಲವಂತೆ.

ಹನ್ನೊಂದು ತಿಂಗಳ ಹಿಂದೆ ಯಜಮಾನರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತೂ ಹೋಯಿತು. ಮಲಗಿದಲ್ಲೇ ಇರುವವರನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ರಾತ್ರಿ ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ, ಐದಕ್ಕೆ ಏಳಬೇಕು. ಐದಕ್ಕೆ ಎದ್ದವರು ಮತ್ತೆ ಮಲಗುವುದಿಲ್ಲ. ಧ್ಯಾನ ಬರೆಯಬೇಕಲ್ಲ. ಮಗ ಬೆಂಗಳೂರಿನಲ್ಲಿ.

"ನಿಮ್ಮ ವಿಶ್ವಾಸ ನೋಡಿ ನಮಗ ಧೈರ್ಯ ಬರತೈತ್ರೀ ಅಂತಾರ ಎಲ್ಲಾರೂ. ನನಗ ದೇವರ ಮ್ಯಾಲ ಸಿಟ್ಟು ಬಂದೈತಿ. ಕೈ ಸ್ತೋತ್ರ ಬರೀತೈತಿ, ಮನಸಿನ್ಯಾಗ ಏನೂ ಇಲ್ಲ. ನಾ ನಂಬಿಗಸ್ತಳಾಗಿ ಉಳದಿಲ್ರೀ."

"ರಾತ್ರಿ ಮೂರಕ್ಕ ಎದ್ದು ಅವರ ಮಗ್ಗಲ ಬದಲಸ್ತೀರಲ್ಲ ಅಕ್ಕಾರ, ಅದಕ್ಕೇನಂತೀರಿ?"

"ಅದು ಕೆಲಸರೀ."

ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಮೊದಲು ಎಲ್ಲರಿಗೂ ಕೇಳುವುದನ್ನೇ ಕೇಳಿದೆ. ನಿದ್ದೆ ಹೇಗಿದೆ, ಊಟ ಸೇರುತ್ತದಾ, ಸಾಯಬೇಕು ಅನಿಸುತ್ತದಾ? ಸಾಯುವ ಯೋಚನೆ ಇರಲಿಲ್ಲ. ಆದರೆ ಊಟ ಕಡಿಮೆಯಾಗಿತ್ತು, ಯಾವುದರಲ್ಲೂ ಮನಸ್ಸಿರಲಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಒಮ್ಮೆ ಡಾಕ್ಟರಿಗೆ ತೋರಿಸಿ ಅಂದೆ. ರಾತ್ರಿ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ ಅಂತ ನಂಬರ್ ಬರೆದುಕೊಟ್ಟೆ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್, ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇಷ್ಟನ್ನೂ ಕೇಳದೆ ಸೀದಾ ಪ್ರಾರ್ಥನೆಯ ಮಾತಿಗೆ ಇಳಿಯುವ ಸಲಹೆಗಾರರನ್ನು ಕಂಡರೆ ನನಗೆ ಆಗುವುದಿಲ್ಲ.

ಹಾಗಂತ ನಾನೇನು ಕಡಿಮೆ ತಪ್ಪು ಮಾಡಿದೆನಾ? ದಿನಾ ಮೂರು ಒಳ್ಳೆಯ ಸಂಗತಿ ಬರೆಯಿರಿ ಎಂದು ನೋಟ್‌ಬುಕ್ ಹಿಡಿಸಿ ಕಳಿಸಿದೆ. ಎಷ್ಟೋ ಮಂದಿಗೆ ಇದರಿಂದ ಉಪಯೋಗ ಆಗಿದೆ. ಈ ಅಕ್ಕ ಎರಡು ವಾರ ಬಿಟ್ಟು ಪುಟ ತುಂಬ ಮುತ್ತಿನಂಥ ಅಕ್ಷರ ಬರೆದುಕೊಂಡು ಬಂದರು. ಶಾಲೆ ಹುಡುಗಿ ಹೋಂವರ್ಕ್ ತೋರಿಸಿದ ಹಾಗೆ. ಮೊದಲು ಕೂಟದ ಎಂಬತ್ತು ಮಂದಿಗೆ ಬರೆಯುತ್ತಿದ್ದರು, ಈಗ ಎಂಬತ್ತೊಂದನೆಯವಳು ನಾನು. ಅಷ್ಟೇ ವ್ಯತ್ಯಾಸ.

ಆಪ್ತಸಲಹೆಯಲ್ಲಿ ಉಪದೇಶ ಮಾಡಬಾರದು. ನಾನು ಅದೇ ಸಭೆಗಳಲ್ಲಿ ಬೆಳೆದವಳಾದರೂ ಬೈಬಲ್ ವಿಷಯ ನಾನಾಗಿ ಎತ್ತುವುದಿಲ್ಲ. ಆದರೆ ಆ ನೋಟ್‌ಬುಕ್‌ನಲ್ಲಿ ಒಂದು ವಚನ ಮತ್ತೆ ಮತ್ತೆ ಬಂದಿತ್ತು. ಪ್ರಲಾಪಗಳು 3:22-23. ದೇವರ ಕರುಣೆ ದಿನದಿನವೂ ಹೊಸದು, ಆತನ ನಂಬಿಗಸ್ತಿಕೆ ದೊಡ್ಡದು ಅನ್ನುವ ಮಾತು.

"ಇದರ ಹಿಂದಿನ ಇಪ್ಪತ್ತೊಂದು ವಚನ ಓದ್ರಿ ಅಕ್ಕಾರ. ಜೋರಾಗಿ."

ಬ್ಯಾಗಿನಿಂದ ಬೈಬಲ್ ತೆಗೆದು ಓದಿದರು. ಆತ ನನ್ನನ್ನು ಕತ್ತಲೆಗೆ ನಡೆಸಿದ. ಕೂಗಿಕೊಂಡರೂ ನನ್ನ ಪ್ರಾರ್ಥನೆ ಒಳಗೆ ಬಿಡಲಿಲ್ಲ. ಹೊಂಚು ಹಾಕಿದ ಕರಡಿಯ ಹಾಗೆ ಕಾದ. ಕಲ್ಲು ಕಡಿಸಿ ನನ್ನ ಹಲ್ಲು ಮುರಿದ. ಯೆರೂಸಲೇಮ್ ಬಾಬೆಲಿನವರ ಕೈಗೆ ಬಿದ್ದು ಹಾಳಾದ ದುಃಖ ಅದು. ಓದುತ್ತಾ ಓದುತ್ತಾ ಅವರ ದನಿ ಸಣ್ಣಗಾಯಿತು. ಮತ್ತೆ ಕರಡಿಯ ಸಾಲಿಗೆ ಬಂದು ನಿಂತರು. "ದೇವರಿಗೆ ಕರಡಿ ಅಂದಾನಲ್ರೀ ಇಂವಾ!" ನಕ್ಕರು. ನನ್ನ ಎದುರು ನಕ್ಕಿದ್ದು ಅದೇ ಮೊದಲು. ಆಮೇಲೆ ತುಂಬ ಹೊತ್ತು ಅತ್ತರು.

ಈ ಅಕ್ಕ ಇಷ್ಟು ವರ್ಷ ಇಪ್ಪತ್ತೆರಡನೆಯ ವಚನದಿಂದ ಶುರು ಮಾಡುತ್ತಿದ್ದರು. ಒಂದರಿಂದ ಶುರು ಮಾಡಿ ಅಂದೆ. ನನ್ನ ಸಲಹೆಯ ಮುಖ್ಯ ಭಾಗ ಅದು. ಸಿಟ್ಟು, ದೂರು, ಎಲ್ಲ ಮೊದಲು ಹೇಳಿಬಿಡಿ. ಅದನ್ನು ಬರೆಯಬೇಡಿ, ಯಾರಿಗೂ ಕಳಿಸಬೇಡಿ, ಬಾಯಿಬಿಟ್ಟು ಹೇಳಿ. ಅದಾದ ಮೇಲೆ ನಿಜವಾಗಿ ಕಂಡದ್ದು ಒಂದಿದ್ದರೆ ಸ್ತೋತ್ರ ಹೇಳಿ. ಇಲ್ಲದಿದ್ದರೆ ಆ ದಿನ ಇಲ್ಲ.

"ಎಲ್ಲಾದರಲ್ಲಿಯೂ ಸ್ತೋತ್ರ ಮಾಡ್ರಿ ಅಂತ ಐತಲ್ರೀ?" ಅಂದರು. ಬೈಬಲಿನಲ್ಲಿ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ ಮಾತು. ಎಲ್ಲಾದರಲ್ಲಿಯೂ ಅಂದರೆ ರೋಗದ ದಿನದಲ್ಲಿಯೂ ಅಂತ, ರೋಗಕ್ಕಾಗಿ ಅಂತಲ್ಲ ಎಂದು ನಾನು ಜಾಣತನ ತೋರಿಸಿದೆ. ಅವರು ತಕ್ಷಣ ಎಫೆಸದವರಿಗೆ ಬರೆದ ಪತ್ರ ತೆಗೆದರು. ಐದನೆಯ ಅಧ್ಯಾಯದ ಇಪ್ಪತ್ತನೆಯ ವಚನದಲ್ಲಿ ಎಲ್ಲದಕ್ಕೋಸ್ಕರ ಅಂತಲೇ ಇದೆ! ಉತ್ತರ ಇರಲಿಲ್ಲ. ನಿಮ್ಮ ಸಭಾಪಾಲಕರನ್ನು ಕೇಳಿ ಅಂದೆ.

ನಿದ್ದೆಯ ವಿಷಯದಲ್ಲಿ ಮಾತ್ರ ನಾನು ಬಗ್ಗಲಿಲ್ಲ. ಸಾಕಪ್ಪಾ, ನನ್ನ ಪ್ರಾಣ ತಗೋ ಎಂದು ಬೈಬಲಿನ ಪ್ರವಾದಿ ಎಲೀಯ ಗಿಡದ ಕೆಳಗೆ ಮಲಗಿದಾಗ ದೇವದೂತ ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಆತ ತಿಂದು ಮತ್ತೆ ಮಲಗಿದ. ಎರಡನೆಯ ಸಲವೂ ಬಂದ ಮಾತು ಎದ್ದು ತಿನ್ನು ಅಂತಲೇ. ಈ ಅಕ್ಕನ ಮೈದುನ ಎರಡು ಓಣಿ ಆಚೆ ಇದ್ದಾರೆ. ಸಹಾಯ ಕೇಳಲು ಇವರಿಗೆ ಸಂಕೋಚ. ಅವರಿಗೂ ಹೇಗೆ ಕೇಳಬೇಕು ಅಂತ ಗೊತ್ತಿರಲಿಲ್ಲವಂತೆ. ನನ್ನೆದುರೇ ಫೋನ್ ಮಾಡಿಸಿದೆ. ಈಗ ವಾರಕ್ಕೆ ಎರಡು ರಾತ್ರಿ ಅವರು ಬಂದು ಮಲಗುತ್ತಾರೆ. ಧ್ಯಾನ ಬರೆಯುವ ಕೆಲಸವನ್ನು ಕೂಟದ ಇನ್ನಿಬ್ಬರಿಗೆ ವಾರದಲ್ಲಿ ನಾಲ್ಕು ದಿನ ಹಂಚಿಕೊಟ್ಟರು. ಒಬ್ಬರು ಮುಖ ಸಿಂಡರಿಸಿದರಂತೆ. ಇರಲಿ.

ಒಂದು ದಿನ ಕೂಟಕ್ಕೆ ಬರೆದರು: "ಇವತ್ತು ನನಗೆ ಸ್ತೋತ್ರ ಬರುತ್ತಿಲ್ಲ. ನನಗಾಗಿ ಪ್ರಾರ್ಥಿಸಿರಿ." ಸಂಜೆಯೊಳಗೆ ಹನ್ನೊಂದು ಫೋನ್ ಬಂದವು. ಅದರಲ್ಲಿ ನಾಲ್ಕು ಮಂದಿ ತಮ್ಮ ಮನೆಯ ಕಷ್ಟ ಹೇಳಿಕೊಂಡರು. ಅಷ್ಟು ವರ್ಷ ಹೇಳಿರಲಿಲ್ಲ.

ಇನ್ನೊಂದು ಕೇಳಿದ್ದೆ: ಯಜಮಾನರು ಹಾಡುತ್ತಿದ್ದರಾ? ಕ್ವಾಯರ್‌ನಲ್ಲಿದ್ದರಂತೆ. ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿ ಮಾತು ಹೋದವರಲ್ಲಿ ಕೆಲವರಿಗೆ ಹಾಡು, ಬಾಯಿಪಾಠದ ಪ್ರಾರ್ಥನೆ, ಬೈಗುಳ ಉಳಿದಿರುತ್ತವೆ. ಮಾತಿನ ಥೆರಪಿಯವರನ್ನು ಕೇಳಿಕೊಂಡು, ಅವರ ಪಕ್ಕ ಕೂತು ಹಳೆಯ ಹಾಡು ಹಾಡಿ ನೋಡಿ ಅಂದೆ. ಮೊದಲ ವಾರ ಅವರು ಗೋಡೆಗೆ ಮುಖ ಮಾಡಿ ಮಲಗಿದರಂತೆ. ಮೂರನೆಯ ವಾರ ರಾಗ ಹಿಡಿದರು, ಪದ ಬರಲಿಲ್ಲ.

ಈಗ ತಿಂಗಳಿಗೊಮ್ಮೆ ಬರುತ್ತಾರೆ. ಡಿಮ್ಹಾನ್ಸ್‌ನ ಗುಳಿಗೆ ನಡೆದಿದೆ. ಸಿಟ್ಟು ಪೂರ್ತಿ ಹೋಗಿಲ್ಲ. ಮೊನ್ನೆ, ಈಗೇನು ಬರೀತೀರಿ ಅಂತ ಕೇಳಿದೆ.

"ಮಂಗಳವಾರ ಕರ್ತನ ಪ್ರಾರ್ಥನೆ ಮುಗಿಸಿದ ಮ್ಯಾಲ ಅವರು ಆಮೆನ್ ಅಂದ್ರು. ಸ್ಪಷ್ಟ ಅಂದ್ರು ನೋಡ್ರಿ. ಆಮ್ಯಾಲ ಗಂಜಿ ಬಿಸಿ ಆತಂತ ನನಗ ಬೈದ್ರು. ಅದೂ ಸ್ಪಷ್ಟ." ಸೆರಗಿನಿಂದ ಬಾಯಿ ಮುಚ್ಚಿ ನಕ್ಕರು. "ಎರಡೂ ಬರದು ಕಳಿಸೀನ್ರೀ."