ಬೂಷ್ಟು ಹಿಡಿದ ಶೇಂಗಾ ಹಿಂಡಿ ಆಕಳಿಗೆ ಬೇಡ

ಶಿರಸಿಯ ಮಳೆಗೆ ಶೇಂಗಾ ಹಿಂಡಿ ಬೂಷ್ಟು ಹಿಡಿದಿದೆ, ಒಣಗಿಸಿ ಆಕಳಿಗೆ ಕೊಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ. ಬೂಷ್ಟು ಒಣಗಿ ಉದುರಬಹುದು, ಆದರೆ ಅದು ಬಿಟ್ಟ ಅಫ್ಲಾಟಾಕ್ಸಿನ್ ವಿಷ ಹಿಂಡಿಯಲ್ಲೇ ಉಳಿದಿರುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ಶೇಂಗಾ ಹಿಂಡಿ ತಿಂದೇ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು. ಆಕಳ ಲಿವರ್ ಹಾಳಾಗುತ್ತದೆ. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಹಾಲಿನದ್ದು, ಯಾಕಂದ್ರೆ ಈ ವಿಷದ ಒಂದು ಪಾಲು ಎಂ1 ಅನ್ನೋ ರೂಪದಲ್ಲಿ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ, ಅದನ್ನೇ ಮನೆ ಮಕ್ಕಳು ಕುಡಿಯೋದು ಅಲ್ವಾ? ನಮ್ಮ ದೇಶದಲ್ಲಿ ಇದರ ಮಿತಿ ಕೆಜಿ ಹಾಲಿಗೆ 0.5 ಮೈಕ್ರೋಗ್ರಾಂ ಅಷ್ಟೇ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ನಿಲ್ಲಿಸಿ, ಕೆಲವು ದಿನಗಳಲ್ಲಿ ಹಾಲಿನಲ್ಲಿ ವಿಷ ಕಡಿಮೆಯಾಗುತ್ತದೆ. ಆ ಚೀಲವನ್ನು ದನ, ಕೋಳಿಗೆ ಸಿಗದಂತೆ ಹೂತುಬಿಡಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮಳೆಗಾಲದಲ್ಲಿ ಹಿಂಡಿ ಸ್ವಲ್ಪ ಸ್ವಲ್ಪವೇ ತನ್ನಿ, ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆ ಮೇಲಿಡಿ.