ಪ್ರಾಜೆಕ್ಟ್ ವೇಳಾಪಟ್ಟಿಯಲ್ಲಿ ಬಫರ್ ಎಷ್ಟಿರಬೇಕು, ಎಲ್ಲಿರಬೇಕು?

ವಿಳಂಬವಾದರೆ ಇರಲಿ ಎಂದು ಇಡುವ ಹೆಚ್ಚುವರಿ ಸಮಯವೇ ಬಫರ್. ಅದನ್ನು ಪ್ರತಿ ಕೆಲಸಕ್ಕೂ ಎರಡು ಮೂರು ದಿನದಂತೆ ಸೇರಿಸಿಟ್ಟರೆ ಆ ದಿನಗಳು ಉಳಿಯುವುದಿಲ್ಲ. ಸಮಯವಿದೆಯಲ್ಲ ಎಂದು ಕೆಲಸ ತಡವಾಗಿ ಶುರುವಾಗುತ್ತದೆ. ಬೇಗ ಮುಗಿಸಿದವರೂ ಗಡುವಿನವರೆಗೆ ಮುಂದಿನವರಿಗೆ ಒಪ್ಪಿಸುವುದು ಕಡಿಮೆ. ವಿಳಂಬ ಮಾತ್ರ ಪೂರ್ತಿ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಬಫರನ್ನು ಒಂದೊಂದು ಕೆಲಸದಿಂದಲೂ ತೆಗೆದು ಕೊನೆಯಲ್ಲಿ, ಎಲ್ಲರಿಗೂ ಕಾಣುವಂತೆ, ಒಟ್ಟಿಗೆ ಇಡಿ.

ಒಂದರ ಹಿಂದೊಂದು ನಡೆಯುವ ನಾಲ್ಕು ಕೆಲಸಗಳಿವೆ ಎನ್ನಿ. ಸಾಮಾನ್ಯವಾಗಿ ಹಿಡಿಯುವ ಸಮಯ 4, 6, 10, 5 ದಿನ, ಒಟ್ಟು 25. ಖಂಡಿತ ಮುಗಿಯುತ್ತದೆ ಎನ್ನಬಹುದಾದ ಸಮಯ 6, 10, 16, 7, ಒಟ್ಟು 39. ವ್ಯತ್ಯಾಸಗಳು 2, 4, 6, 2. ಇವುಗಳ ವರ್ಗಗಳ ಮೊತ್ತ 60, ಅದರ ವರ್ಗಮೂಲ ಸುಮಾರು 7.7. ಅಂದರೆ 8 ದಿನದ ಬಫರ್, ಒಟ್ಟು 33 ದಿನ. ನಾಲ್ಕೂ ಒಟ್ಟಿಗೇ ಕೈಕೊಡುವ ಸಾಧ್ಯತೆ ಕಡಿಮೆ ಎಂಬುದೇ ಈ ಲೆಕ್ಕದ ಆಧಾರ. ನಾಲ್ಕೂ ಒಬ್ಬನೇ ಪೂರೈಕೆದಾರನನ್ನು ನೆಚ್ಚಿಕೊಂಡಿದ್ದರೆ ಈ ಸೂತ್ರ ನಡೆಯದು. ಆಗ ವ್ಯತ್ಯಾಸಗಳ ನೇರ ಮೊತ್ತವಾದ 14ರ ಹತ್ತಿರವೇ ಇಡಬೇಕು.

ಜೊತೆಯಲ್ಲೇ ಬೇರೆಯಾಗಿ ನಡೆಯುವ ಪಕ್ಕದ ಕೆಲಸವೊಂದು, ಒಂದರ ಹಿಂದೊಂದು ನಡೆಯುವ ಈ ಮುಖ್ಯ ಸರಣಿಗೆ ಬಂದು ಸೇರುವಲ್ಲಿ ಬೇರೆಯೇ ಸಣ್ಣ ಬಫರ್ ಬೇಕು. ಇದನ್ನು ಮರೆಯುವವರೇ ಹೆಚ್ಚು.

ಇನ್ನು ವಾರಕ್ಕೊಮ್ಮೆ ಎರಡು ಅಂಕಿ ಹೋಲಿಸಿ: ಮುಗಿದ ಕೆಲಸದ ಶೇಕಡಾವಾರು, ಖರ್ಚಾದ ಬಫರಿನ ಶೇಕಡಾವಾರು. ಕೆಲಸ 30% ಮುಗಿದು ಬಫರ್ 60% ಕರಗಿದ್ದರೆ ಕೊನೆಯವರೆಗೆ ಕಾಯದೆ ಈಗಲೇ ಜನ ಸೇರಿಸಬೇಕು ಅಥವಾ ಕೆಲಸದ ವ್ಯಾಪ್ತಿ ಕಡಿತಗೊಳಿಸಬೇಕು. ಗ್ರಾಹಕರು ಹೊಸದಾಗಿ ಕೇಳಿದ ಕೆಲಸಕ್ಕೆ ಮಾತ್ರ ಬಫರ್ ಮುಟ್ಟಬೇಡಿ; ಅದಕ್ಕೆ ಗಡುವನ್ನೇ ಬದಲಿಸಿ.